ಕಪ್ಪು-ಬಶಿಯಿಂದ ಗಲ್ಲಾದವರೆಗೆ: ಹೊಟೇಲು ಕಲಿಸಿದ ವ್ಯವಹಾರ ಪಾಠ

ಮುಂಬಯಿ: ಮಾಟುಂಗಾ ರೈಲ್ವೆ ನಿಲ್ದಾಣದ ಬಳಿ ಎ. ರಾಮ ನಾಯಕ್ ಅವರು 1942ರಲ್ಲಿ ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಮಹಾನಗರದ ಉಡುಪಿ ಹೊಟೇಲುಗಳಲ್ಲಿ ಪ್ರಸಿದ್ಧ ಹೆಸರು. ಇಂತಹ ಹೊಟೇಲುಗಳನ್ನು ನಂಬಿಕೊಂಡು ಹಿಂದೆ ಹಡಗಿನಲ್ಲಿ, ಬಳಿಕ ಬಸ್ಸಿನಲ್ಲಿ ಬಂದಿಳಿದ ತುಳು-ಕನ್ನಡಿಗ ಹುಡುಗರ ಸಂಖ್ಯೆ ಸಣ್ಣದಲ್ಲ. ಹೊಟ್ಟೆಪಾಡಿಗಾಗಿ ಬಂದ ಅವರಿಗೆ ಹೊಟೇಲೇ ಮನೆ, ಹೊಟೇಲೇ ಪಾಠಶಾಲೆ.

ಮೊದಲು ಕಪ್ಪು-ಬಶಿ ತೊಳೆಯುವುದು, ಆಮೇಲೆ ಟೇಬಲ್ ಒರೆಸುವುದು, ನಂತರ ಸಪ್ಲೈ, ಕೊನೆಗೆ ಗಲ್ಲಾ. ಪ್ರತಿ ಮೆಟ್ಟಿಲಲ್ಲೂ ಒಂದೊಂದು ಕಲಿಕೆಯಿತ್ತು. ತಟ್ಟೆ ತೊಳೆಯುವವನಿಗೆ ಗಿರಾಕಿ ಏನನ್ನು ಬಿಟ್ಟು ಹೋದ ಎಂಬುದು ಎಲ್ಲರಿಗಿಂತ ಮೊದಲು ತಿಳಿಯುತ್ತಿತ್ತು. ಸಪ್ಲೈ ಮಾಡುವವನು ಮರಾಠಿ, ಹಿಂದಿ, ಗುಜರಾತಿಯನ್ನು ಗಿರಾಕಿಗಳ ಬಾಯಿಂದಲೇ ಕಲಿತ. ಜೈನ ಗಿರಾಕಿಗಳಿಗಾಗಿ ನೀರುಳ್ಳಿ, ಬೆಳ್ಳುಳ್ಳಿ ಇಲ್ಲದ ಅಡುಗೆ, ಇಡ್ಲಿ-ದೋಸೆಯ ಪಕ್ಕದಲ್ಲೇ ಪಾವ್‌ಭಾಜಿ ಬಂದದ್ದು ಈ ಕೇಳಿಸಿಕೊಳ್ಳುವ ಗುಣದಿಂದ.

ಕೈಕೆಲಸದ ಜೊತೆಗೆ ಅಕ್ಷರವೂ ಬೇಕೆಂದು ಹಿರಿಯರು ಅರಿತಿದ್ದರು. ಕನ್ನಡಿಗರ ಸಂಘ-ಸಂಸ್ಥೆಗಳು ನಡೆಸಿದ ರಾತ್ರಿ ಶಾಲೆಗಳಲ್ಲಿ ಹಗಲೆಲ್ಲ ದುಡಿದ ಹುಡುಗರು ನಿದ್ದೆಗಣ್ಣಿನಲ್ಲೇ ಲೆಕ್ಕ ಕಲಿತರು. 1932ರಲ್ಲಿ ಸ್ಥಾಪನೆಯಾದ ಬಿಲ್ಲವರ ಅಸೋಸಿಯೇಶನ್ ಗುರುನಾರಾಯಣ ರಾತ್ರಿ ಶಾಲೆಯನ್ನು ನಡೆಸಿತು. ಅದೇ ಸಂಸ್ಥೆಯ ಆಶ್ರಯದಲ್ಲಿ 1978ರಲ್ಲಿ ಭಾರತ್ ಬ್ಯಾಂಕ್ ಕಾರ್ಯಾರಂಭ ಮಾಡಿತು.

ಸ್ವಂತ ಜಾಗವಿಲ್ಲದವರು ಕಂಡಕ್ಟಿಂಗ್ ಪದ್ಧತಿಯಲ್ಲಿ ಹೊಟೇಲು ಹಿಡಿದರು. ಇಲ್ಲಿ ಬಂಡವಾಳಕ್ಕಿಂತ ಮಾತಿಗೆ ಬೆಲೆ ಹೆಚ್ಚು. ಹಾಲಿನವನ ಬಳಿ ಕೊನೆಯ ಪೈಸೆಯವರೆಗೂ ಚೌಕಾಸಿ ಮಾಡಿದವನಿಗೆ ಹಬ್ಬದ ದಿನ ಹಾಲು ತಡವಾಗುತ್ತದೆ. ಹೇಳಿದ ದಿನ ಹಣ ಕೊಡುವವನ ಬಾಗಿಲಿಗೆ ಅದೇ ಹಾಲು ಮೊದಲು ಬರುತ್ತದೆ. ಆತನೂ ನಾಲ್ಕು ಕಾಸು ಉಳಿಸಿಕೊಳ್ಳಲಿ ಎಂಬ ಉದಾರತೆ ಕೊನೆಗೆ ತನ್ನದೇ ವ್ಯಾಪಾರವನ್ನು ಕಾಯುತ್ತದೆ. ಕೆಲಸಗಾರರ ವಿಷಯದಲ್ಲೂ ಹಾಗೆಯೇ. ಗಿರಾಕಿಗಳ ಎದುರು ಬೈಸಿಕೊಂಡ ಅಡುಗೆಯವನು ಮರುದಿನ ಬಾರದಿದ್ದರೆ ಧನಿಗಳೇ ಒಲೆಯ ಮುಂದೆ ನಿಲ್ಲಬೇಕು. ತಾನೂ ಕಪ್ಪು ತೊಳೆದವನು ಇದನ್ನು ಮರೆಯುವುದಿಲ್ಲ.

ಇಂದು ಊರಿನಿಂದ ಬರುವ ಹುಡುಗರು ವಿರಳ. ಅಡುಗೆಮನೆಯಲ್ಲಿ ದುಡಿಯುವವರಲ್ಲಿ ಉತ್ತರ ಭಾರತ, ಒಡಿಶಾದವರೇ ಹೆಚ್ಚು ಕಾಣುತ್ತಾರೆ. ಧನಿಗಳ ಮಕ್ಕಳು ಹೊಟೇಲ್ ಮ್ಯಾನೇಜ್‌ಮೆಂಟ್ ಓದಿದ್ದಾರೆ, ಅನೇಕರು ಬೇರೆ ಉದ್ಯೋಗಕ್ಕೂ ಹೋಗಿದ್ದಾರೆ. ಮಕ್ಕಳು ಓದಲಿ ಎಂದೇ ಹಿರಿಯರು ಬೆವರು ಸುರಿಸಿದ್ದು ನಿಜ. ಆದರೆ ಮೆಟ್ಟಿಲು ಹತ್ತುತ್ತಾ ಬಂದ ಆ ಕಲಿಕೆ ಅವರೊಂದಿಗೇ ಮುಗಿದುಹೋಗುವ ಅಪಾಯವೂ ಅಷ್ಟೇ ನಿಜ.

ನಮ್ಮ ಸಂಘಗಳಲ್ಲಿ ವಾರ್ಷಿಕೋತ್ಸವ, ಸನ್ಮಾನಗಳಿಗೆ ಕೊರತೆಯಿಲ್ಲ. ಶಾಲು-ಹಾರ ಸ್ವೀಕರಿಸಿದ ಹಿರಿಯ ಹೊಟೇಲಿಗರನ್ನು ಒಂದು ಭಾನುವಾರ ಯುವ ವಿಭಾಗದ ನಡುವೆ ಕೂರಿಸಿ, ಗಿರಾಕಿಯ ಸಿಟ್ಟನ್ನು ಹೇಗೆ ಇಳಿಸಿದಿರಿ, ಪಾಲುದಾರರೊಂದಿಗೆ ಹೇಗೆ ಬಾಳಿದಿರಿ ಎಂದು ಕೇಳಿದರೆ, ಮುಚ್ಚಿದ ರಾತ್ರಿ ಶಾಲೆಯ ಒಂದು ತರಗತಿಯಾದರೂ ಮತ್ತೆ ತೆರೆದಂತಾಗುತ್ತದೆ.