ಹೆಬ್ಬೆಟ್ಟಿಗೂ ಮುಂಚೆ

“ಏನ್ ಬರ್ದವ್ರೆ ಮಗಾ ಇದ್ರಲ್ಲಿ?” ಅರಕಲಗೂಡು ಕಡೆಯ ಅಜ್ಜಿ ಕೇಳಿದರು. ಹೊಗೆಸೊಪ್ಪು ಕಟ್ಟಿ ಕಟ್ಟಿ ಕಪ್ಪಾದ ಹೆಬ್ಬೆರಳಿಗೆ ಆಗಲೇ ಇಂಕು ಹತ್ತಿತ್ತು. ಮುಂದಿದ್ದ ಒಪ್ಪಿಗೆ ಪತ್ರ ಪೂರ್ತಿ ಇಂಗ್ಲಿಷು. “ಎಲ್ರೂ ಒತ್ತೋದೇ ಅಜ್ಜಿ, ಒತ್ತಿ” ಎಂದರು ನರ್ಸ್. ಅಜ್ಜಿ ಒತ್ತಿದರು.

ಅದು ಎದೆಯ ಪರೀಕ್ಷೆ. 2025ರ ಮೇ–ಜೂನ್‌ನಲ್ಲಿ ಹೃದಯಾಘಾತದ ಸಾವುಗಳ ಸುದ್ದಿ ಹಬ್ಬಿದ ಮೇಲೆ ಹಾಸನ ಜಿಲ್ಲೆಯಲ್ಲಿ ಎದೆ ಚುರುಕ್ ಎಂದರೂ ಜನ ಆಸ್ಪತ್ರೆಗೆ ಓಡುತ್ತಾರೆ. ಆ ಸಾವುಗಳ ಕಾರಣ ಹುಡುಕಿದ ಡಾ. ಕೆ.ಎಸ್. ರವೀಂದ್ರನಾಥ್ ಸಮಿತಿ 24 ಸಾವುಗಳನ್ನು ಪರಿಶೀಲಿಸಿ, ಅವುಗಳಲ್ಲಿ 4 ಹೃದಯಕ್ಕೆ ಸಂಬಂಧಿಸಿದ್ದೇ ಅಲ್ಲ ಎಂದಿತು. ಅಷ್ಟರಲ್ಲಿ ಭಯ ಹೊಳೆನರಸೀಪುರ, ಚನ್ನರಾಯಪಟ್ಟಣದ ಮನೆಮನೆ ಹೊಕ್ಕಿತ್ತು.

ರಾಜ್ಯ ಸರ್ಕಾರದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಇಸಿಜಿಯ ಗೆರೆಗಳನ್ನು ಕೃತಕ ಬುದ್ಧಿಮತ್ತೆ ಓದುತ್ತದೆ, ದೂರದ ತಜ್ಞರು ನೋಡುತ್ತಾರೆ, ಕೆಲವೇ ನಿಮಿಷದಲ್ಲಿ ವರದಿ ಕೈಗೆ ಬರುತ್ತದೆ. ಹೃದಯಾಘಾತ ಎಂದು ಖಚಿತವಾದರೆ ಹೆಪ್ಪುಗಟ್ಟಿದ ರಕ್ತ ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ಉಚಿತ. ಹೃದ್ರೋಗ ತಜ್ಞರಿಲ್ಲದ ಊರಿಗೆ ಇದು ಜೀವ ಉಳಿಸುವ ಕೆಲಸ, ಅದರ ಮೇಲೆ ನನ್ನ ತಕರಾರಿಲ್ಲ.

ನನ್ನ ಚಿಂತೆ ಮೆದುಳಿನದು. ಪಾರ್ಶ್ವವಾಯು ಬಡಿದವರ ಸ್ಕ್ಯಾನ್ ಓದುವ ತಂತ್ರಾಂಶಗಳು ಆಗಲೇ ಬಂದಿವೆ. ಎದೆಯ ಗೆರೆ ಹೇಳುವುದು ಹೃದಯದ ಸುದ್ದಿ. ಮೆದುಳಿನ ಗೆರೆಯಿಂದ ಮನಸ್ಸಿನ ಸುದ್ದಿಯನ್ನೇ ತೆಗೆಯುತ್ತೇವೆ ಎಂದು ಹೊರಟವರಿದ್ದಾರೆ. ಆರೋಪಿಯ ತಲೆಗೆ ಎಲೆಕ್ಟ್ರೋಡ್ ಅಂಟಿಸಿ, ಅಪರಾಧದ ನೆನಪು ಒಳಗಿದೆಯೇ ಎಂದು ಹುಡುಕುವ ‘ಬ್ರೇನ್ ಮ್ಯಾಪಿಂಗ್’ ಪರೀಕ್ಷೆಯನ್ನು 2008ರಲ್ಲಿ ಪುಣೆಯ ನ್ಯಾಯಾಲಯವೊಂದು ಶಿಕ್ಷೆ ವಿಧಿಸುವಾಗ ಪರಿಗಣಿಸಿತ್ತು. ಆ ಪರೀಕ್ಷೆಗೆ ವೈಜ್ಞಾನಿಕ ತಳಹದಿ ಇಲ್ಲ ಎಂದದ್ದು ನಿಮ್ಹಾನ್ಸ್ ನಿರ್ದೇಶಕರ ನೇತೃತ್ವದ ಸಮಿತಿ.

2010ರ ಮೇ 5ರಂದು ಸುಪ್ರೀಂ ಕೋರ್ಟು ‘ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ’ ಪ್ರಕರಣದಲ್ಲಿ ತೀರ್ಪು ಕೊಟ್ಟಿತು: ಮಂಪರು ಪರೀಕ್ಷೆ, ಸುಳ್ಳು ಪತ್ತೆ, ಬ್ರೇನ್ ಮ್ಯಾಪಿಂಗ್ ಯಾವುದನ್ನೂ ಬಲವಂತದಿಂದ ಮಾಡುವಂತಿಲ್ಲ. ಆರೋಪಿ ತಾನಾಗಿ ಒಪ್ಪಿದರೂ ಪರಿಣಾಮಗಳನ್ನು ಅವನಿಗೆ ಬಿಡಿಸಿ ಹೇಳಬೇಕು, ವಕೀಲರು ಸಿಗಬೇಕು, ಒಪ್ಪಿಗೆ ಮ್ಯಾಜಿಸ್ಟ್ರೇಟರ ಮುಂದೆ ದಾಖಲಾಗಬೇಕು. ಕೊಲೆ ಆರೋಪ ಹೊತ್ತವನಿಗೂ ಸಲ್ಲುವ ಈ ಮರ್ಯಾದೆ ಅಜ್ಜಿಗೆ ಯಾಕೆ ಸಿಗಲಿಲ್ಲ? ನಾಳೆ ಆಕೆಗೆ ಮರೆವು ಶುರುವಾಗಿ ಮೆದುಳಿನ ಪರೀಕ್ಷೆಗೆ ಕೂರಿಸಿದಾಗ, ಆ ದತ್ತಾಂಶ ವಿಮಾ ಕಂಪನಿಗೋ, ಜಮೀನಿನ ವ್ಯಾಜ್ಯದಲ್ಲಿ ಎದುರು ಪಕ್ಷದ ಕೈಗೋ ಸೇರುವುದಿಲ್ಲ ಎಂದು ಆಕೆಗೆ ಭರವಸೆ ಕೊಡುವವರು ಯಾರು?

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ, ಒಪ್ಪಿಗೆ ಕೇಳುವ ಸೂಚನೆಯನ್ನು ಸಂವಿಧಾನದ ಎಂಟನೇ ಅನುಸೂಚಿಯ ಯಾವ ಭಾಷೆಯಲ್ಲಾದರೂ ಓದುವ ಆಯ್ಕೆ ಇರಬೇಕು. ಕನ್ನಡ ಆ ಪಟ್ಟಿಯಲ್ಲಿದೆ. ಓದಲು ಬಾರದ ಅಜ್ಜಿಗೆ ಅದನ್ನು ಯಾರಾದರೂ ಪಕ್ಕದಲ್ಲಿ ಕೂತು ಓದಿ ಹೇಳಬೇಕು, ಇಂಕಿನ ಪ್ಯಾಡ್ ತೆರೆಯುವ ಮುಂಚೆ.