ಕಲ್ಪಿತ ಡಿಸ್ಕಿನ ಅಳಿವು ಉಳಿವು

ಯಶವಂತಪುರದಿಂದ ಮೇಖ್ರಿ ವೃತ್ತದ ಕಡೆಗೆ ಸರ್ ಸಿ. ವಿ. ರಾಮನ್ ರಸ್ತೆಯಲ್ಲಿ ಸಾಗುವವರಿಗೆ ಭಾರತೀಯ ವಿಜ್ಞಾನ ಸಂಸ್ಥೆಯ ಮರಗಳು ಮಾತ್ರ ಕಾಣುವುವು. ಆ ಮರಗಳ ಮರೆಯಲ್ಲಿ 2022ರಲ್ಲಿ ‘ಪರಮ್ ಪ್ರವೇಗ’ವೆಂಬ ಮಹಾಗಣಕವು ಸ್ಥಾಪಿತವಾಯಿತು. ಅದರ ಮಾಹಿತಿಯ ಉಗ್ರಾಣದ ಗಾತ್ರ 4 ಪೆಟಾಬೈಟ್. 4 ಟೆರಾಬೈಟಿನ ಡಿಸ್ಕುಗಳನ್ನು ಸಾವಿರ ಸಂಖ್ಯೆಯಲ್ಲಿ ಜೋಡಿಸಿದರೆ ಅಷ್ಟಾಗುವುದು. 1956ರಲ್ಲಿ ಐ.ಬಿ.ಎಂ. ಸಂಸ್ಥೆಯು ಹೊರತಂದ ಮೊಟ್ಟಮೊದಲ ಡಿಸ್ಕುಯಂತ್ರದಲ್ಲಿ ಎರಡಡಿ ಅಗಲದ ಐವತ್ತು ತಟ್ಟೆಗಳಿದ್ದರೂ ಅದು ಹಿಡಿಯುತ್ತಿದ್ದುದು 50 ಲಕ್ಷ ಅಕ್ಷರಗಳನ್ನಷ್ಟೆ!

ಡಿಸ್ಕು ತಿರುಗುವ ಯಂತ್ರ. ಎಂದಾದರೊಂದು ದಿನ ಕೆಟ್ಟೇ ಕೆಡುವುದು. ಸಾವಿರ ಡಿಸ್ಕುಗಳಿರುವಲ್ಲಿ ‘ಎಂದಾದರೊಂದು ದಿನ’ವು ಮೇಲಿಂದ ಮೇಲೆ ಬರುವುದು. ಇದಕ್ಕೆ ಉಪಾಯವನ್ನು ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್, ರ‍್ಯಾಂಡಿ ಕಾಟ್ಜ್ ಎಂಬ ಬರ್ಕ್ಲಿಯ ವಿದ್ವಾಂಸರು 1988ರ ತಮ್ಮ ಪ್ರಬಂಧದಲ್ಲಿ ಕ್ರಮಬದ್ಧವಾಗಿ ವಿವರಿಸಿ, ಅದಕ್ಕೆ ‘ರೇಡ್’ ಎಂದು ಹೆಸರಿಟ್ಟರು. ಅದರ ಗಣಿತ ಬಲು ಸರಳ. ಮೂರು ಡಿಸ್ಕುಗಳಲ್ಲಿ ಕ್ರಮವಾಗಿ 1, 0, 1 ಎಂಬ ಅಂಕಗಳಿವೆಯೆನ್ನೋಣ. ಒಂದುಗಳ ಸಂಖ್ಯೆ ಸಮವಾಗಿರಬೇಕೆಂಬ ನಿಯಮದಂತೆ ನಾಲ್ಕನೆಯದರಲ್ಲಿ 0 ಬರೆಯುತ್ತೇವೆ. ಈಗ ಮೂರನೆಯ ಡಿಸ್ಕು ಕೆಟ್ಟಿತು. ಉಳಿದವು 1, 0, 0. ಕಳೆದುಹೋದದ್ದು 1 ಎಂಬುದನ್ನು ವಾಚಕರೇ ಹೇಳಬಲ್ಲರು. ಹೀಗೆ ನಾಲ್ಕು ಡಿಸ್ಕುಗಳಲ್ಲಿ ಮೂರರಷ್ಟು ಜಾಗ ನಮ್ಮ ಬಳಕೆಗೆ ದೊರೆತು, ಒಂದರಷ್ಟು ಈ ಕಾವಲಿಗೆ ಮೀಸಲಾಗುವುದು.

ಈ ಲೆಕ್ಕವನ್ನೆಲ್ಲ ನೋಡಿಕೊಳ್ಳುವ ಫಲಕಕ್ಕೆ ರೇಡ್ ನಿಯಂತ್ರಕವೆಂದು ಹೆಸರು. ಅದು ಹಲವು ನಿಜವಾದ ಡಿಸ್ಕುಗಳನ್ನು ಒಟ್ಟುಗೂಡಿಸಿ, ಗಣಕಕ್ಕೆ ಒಂದೇ ದೊಡ್ಡ ಡಿಸ್ಕೆಂಬಂತೆ ತೋರಿಸುತ್ತದೆ. ಹೀಗೆ ತೋರುವುದೇ ವರ್ಚುಯಲ್ ಡಿಸ್ಕ್, ಅಂದರೆ ಕಲ್ಪಿತ ಡಿಸ್ಕು. ಆರ್.ಟಿ. ನಗರದಂಥ ಬಡಾವಣೆಯ ನಕಾಶೆಯನ್ನು ನೆನೆಯಿರಿ. ಭೂಮಿ ಬೇರೆ, ಅದನ್ನು ನಿವೇಶನಗಳಾಗಿ ವಿಂಗಡಿಸಿದ ಗೆರೆಗಳು ಬೇರೆ. ಕಲ್ಪಿತ ಡಿಸ್ಕೆಂಬುದು ಆ ಗೆರೆಗಳು. ಯಾವ ಡಿಸ್ಕುಗಳು, ಯಾವ ಕ್ರಮದಲ್ಲಿ, ಎಷ್ಟೆಷ್ಟು ಗಾತ್ರದ ಪಟ್ಟಿಗಳಾಗಿ ಎಂಬ ಈ ನಕಾಶೆಯನ್ನು ನಿಯಂತ್ರಕವು ಡಿಸ್ಕುಗಳ ಮೇಲೆಯೂ ಬರೆದಿಡುತ್ತದೆ. ಆದಕಾರಣ ನಿಯಂತ್ರಕವೇ ಸುಟ್ಟುಹೋದರೂ ಅದೇ ಬಗೆಯ ಬೇರೊಂದನ್ನು ತಂದು ಸೇರಿಸಿದಾಗ, ಅದು ಡಿಸ್ಕುಗಳಲ್ಲಿ ‘ಪರಕೀಯ’ ನಕಾಶೆಯೊಂದಿದೆಯೆಂದು ತಿಳಿಸಿ, ಸ್ವೀಕರಿಸಲೇ ಅಳಿಸಲೇ ಎಂದು ಕೇಳುವುದು. ಅವಸರದಲ್ಲಿ ‘ಅಳಿಸು’ ಎಂದವರ ಗೋಳು ಕಡಮೆಯದಲ್ಲ.

ಕಲ್ಪಿತ ಡಿಸ್ಕನ್ನು ತೆಗೆದುಹಾಕುವುದೆಂದರೆ ನಕಾಶೆಯನ್ನು ಹರಿಯುವುದು. ಅದು ನೆಲವನ್ನು ಅಗೆಯುವುದಲ್ಲ. ಇದರ ಅರ್ಥವು ನಮಗೆ ಚೆನ್ನಾಗಿ ಮನದಟ್ಟಾದುದು ಯಲಹಂಕದ ಒಂದು ಕಾಲೇಜಿನಲ್ಲಿ. ಅಲ್ಲಿನ ಸರ್ವರಿನಲ್ಲಿ ಮೂರು ಕಲ್ಪಿತ ಡಿಸ್ಕುಗಳಿದ್ದುವು. ಎರಡನೆಯದು ಬರಿದು, ಮೂರನೆಯದರಲ್ಲಿ ಪ್ರಯೋಗಶಾಲೆಯ ಮೂರು ವರ್ಷಗಳ ಅಳತೆಗಳು. ಬರಿದಾದುದನ್ನು ತೆಗೆಯಲು ಹೊರಟ ಮಿತ್ರರೊಬ್ಬರು 2 ಎಂದು ಬರೆದರು. ನಿಯಂತ್ರಕವಾದರೋ ಸೊನ್ನೆಯಿಂದ ಎಣಿಸುವಂಥದು! ಅದರ ಲೆಕ್ಕದಲ್ಲಿ 2 ಎಂದರೆ ಮೂರನೆಯದು. ಯಂತ್ರವು ‘ಖಂಡಿತವೇ?’ ಎಂದು ಕೇಳಿತು; ಇವರು ‘ಹೌದು’ ಎಂದರು. ಅಳತೆಗಳು ಕಣ್ಮರೆಯಾದುವು. ನಾಲ್ಕು ಡಿಸ್ಕುಗಳೂ ಆರೋಗ್ಯವಾಗಿಯೇ ಇದ್ದುವು. ರೇಡ್ ವ್ಯವಸ್ಥೆ ಡಿಸ್ಕಿನ ಸಾವಿಗೆ ಮದ್ದು, ಒಡೆಯನ ಆಜ್ಞೆಗಲ್ಲ. ಬೇರೆಡೆ ಪ್ರತಿಯೊಂದನ್ನು ಇಟ್ಟುಕೊಂಡಿರಲಿಲ್ಲ.

ಅವರು ಮಾಡಿದ ಒಳ್ಳೆಯ ಕೆಲಸವೆಂದರೆ ಆಮೇಲೆ ಏನನ್ನೂ ಮಾಡದೆ ಕುಳಿತದ್ದು. ಗಾಬರಿಯಲ್ಲಿ ಹೊಸ ಡಿಸ್ಕನ್ನು ರಚಿಸಿ ‘ಇನಿಷಿಯಲೈಸ್’ ಮಾಡಿದ್ದರೆ, ಶೀಘ್ರ ವಿಧಾನದಲ್ಲಿ ಆದಿಭಾಗವೂ ಪೂರ್ಣ ವಿಧಾನದಲ್ಲಿ ಸಮಸ್ತವೂ ಸೊನ್ನೆಗಳಿಂದ ಮುಚ್ಚಿಹೋಗುತ್ತಿತ್ತು. ಅದೃಷ್ಟವಶಾತ್ ಮೊದಲು ಸ್ಥಾಪಿಸಿದವರು ಡಿಸ್ಕುಗಳ ಕ್ರಮವನ್ನೂ 64 ಕಿಲೋಬೈಟಿನ ಪಟ್ಟಿಯ ಗಾತ್ರವನ್ನೂ ಒಂದು ಹಳೆಯ ಪುಸ್ತಕದಲ್ಲಿ ಗುರುತಿಸಿದ್ದರು. ಅದೇ ಕ್ರಮ, ಅದೇ ಗಾತ್ರ, ಇನಿಷಿಯಲೈಸ್ ಬೇಡವೆಂಬ ಆಯ್ಕೆ: ಹೀಗೆ ನಕಾಶೆಯನ್ನು ಮತ್ತೆ ಬರೆದಾಗ ಅಳತೆಗಳು ಇದ್ದಲ್ಲಿಯೇ ಇದ್ದುವು. ಕ್ರಮ ತಪ್ಪಿದ್ದರೆ ಕಾವಲಿನ ಅಂಕಗಳನ್ನು ಹೊಸದಾಗಿ ಲೆಕ್ಕಹಾಕುವಾಗ ನಿಯಂತ್ರಕವು ಇದ್ದುದನ್ನೂ ಕೆಡಿಸುತ್ತಿತ್ತು. ಎಲ್ಲ ನಿಯಂತ್ರಕಗಳಲ್ಲಿಯೂ ಈ ದಾರಿ ತೆರೆದಿರುವುದೆಂದು ಯಾರೂ ನೆಚ್ಚಬಾರದು.

ಅಳಿಸುವ ಮುನ್ನ ಸಂಖ್ಯೆಯೊಂದನ್ನೇ ನಂಬದೆ, ಹೆಸರು, ಗಾತ್ರ, ಗುರುತಿನ ಸಂಕೇತ ಇವನ್ನು ತಾಳೆನೋಡುವುದುಂಟು. ಲಿನಕ್ಸಿನಲ್ಲಿ ಕಾಣುವ ‘ಎಸ್‌ಡಿಎ’, ‘ಎಸ್‌ಡಿಬಿ’ ಎಂಬ ಹೆಸರುಗಳು ಯಂತ್ರವನ್ನು ಮತ್ತೆ ಚಾಲೂ ಮಾಡಿದಾಗ ಅದಲುಬದಲಾಗಬಲ್ಲುವು. ಯಾವ ಡಿಸ್ಕೆಂಬ ಸಂಶಯವಿದ್ದರೆ ಅದರ ದೀಪವನ್ನು ಮಿನುಗಿಸಿ ಕಣ್ಣಾರೆ ನೋಡುವ ಸೌಕರ್ಯವೂ ಉಂಟು.

ಇದೇ ಗುಣ ಇನ್ನೊಂದೆಡೆ ದೋಷವಾಗುವುದು. ಸರ್ವರನ್ನು ಮಾರುವ ಮುನ್ನ ಕಲ್ಪಿತ ಡಿಸ್ಕನ್ನು ತೆಗೆದು, ಮಾಹಿತಿ ಹೋಯಿತೆಂದು ನಿಶ್ಚಿಂತರಾಗುವವರುಂಟು. ನೆಲದಲ್ಲಿ ಎಲ್ಲವೂ ಹಾಗೆಯೇ ಇರುವುದು. ಸೆಕೆಂಡಿಗೆ 200 ಮೆಗಾಬೈಟಿನಂತೆ ಬರೆದರೆ 4 ಟೆರಾಬೈಟಿನ ಒಂದು ಡಿಸ್ಕನ್ನು ಪೂರ್ತಿ ಮುಚ್ಚಲು ಐದೂವರೆ ಗಂಟೆ ಬೇಕು. ಎಲ್ಲವನ್ನೂ ಗೂಢಲಿಪಿಯಲ್ಲಿ ಬರೆಯುವ ಡಿಸ್ಕುಗಳಲ್ಲಾದರೆ ಕೀಲಿಯನ್ನಳಿಸಿದರೆ ಸಾಕು, ಕೆಲವೇ ಸೆಕೆಂಡುಗಳ ಕೆಲಸ. ಯಲಹಂಕದ ಆ ಡಿಸ್ಕುಗಳು ಹಳೆಯ ಬಗೆಯವು. ನಿವೃತ್ತಿಯ ಕಾಲ ಬಂದಾಗ ಒಂದೊಂದನ್ನೂ ಸೊನ್ನೆಗಳಿಂದ ತುಂಬಲು ನಮ್ಮ ಮಿತ್ರರಿಗೆ ಒಂದು ಇಡೀ ಹಗಲು ರಾತ್ರಿ ಹಿಡಿಯಿತು. ಈ ಸಲ ಅವರು ಸೊನ್ನೆಯಿಂದಲೇ ಎಣಿಸಿದರು.