ಅಟ್ಟದ ಮೇಲಿನ ಕ್ಯಾಸೆಟ್ ಎಸೆಯಬೇಡಿ

ಇಪ್ಪತ್ತೆರಡು ವರ್ಷ ದುಬೈಯಲ್ಲಿ ದುಡಿದು, ಊರು ಸೇರಿದ ಮೇಲೆ ಎರಡು ವರ್ಷಕ್ಕೊಮ್ಮೆ ಮಗಳ ಮನೆಗೆ ನ್ಯೂಜಿಲೆಂಡಿಗೆ ಹೋಗಿಬರುವುದು ನಮ್ಮ ರೂಢಿ. ಆಕ್ಲೆಂಡ್ ನಗರದ ಪೂರ್ವಕ್ಕೆ ಬಾಟನಿ ಡೌನ್ಸ್ ಎಂಬ ಬಡಾವಣೆಯಲ್ಲಿ ಅವಳ ಮನೆ. ದುಬೈಯಿಂದ ನೇರ ವಿಮಾನ ಹತ್ತಿದರೂ ಹದಿನಾರು ಗಂಟೆಯ ಪ್ರಯಾಣ. ಅಗಲವಾದ ರಸ್ತೆಗಳು, ಹತ್ತಿರದಲ್ಲೇ ದೊಡ್ಡ ಮಾಲು, ಮನೆಗೊಂದು ಗ್ಯಾರೇಜು. ಶನಿವಾರ ಮಧ್ಯಾಹ್ನ ಹುಲ್ಲು ಕತ್ತರಿಸುವ ಯಂತ್ರದ ಸದ್ದು ಬಿಟ್ಟರೆ ಬೇರೆ ಸದ್ದೇ ಇಲ್ಲ.

ಕಳೆದ ಸಲ ಹೋಗಿದ್ದಾಗ ಒಂದು ಶನಿವಾರ ಪಕ್ಕದ ಮನೆಯ ಗ್ಯಾರೇಜಿನಿಂದ ಗಟ್ಟಿ ದನಿಯ ಮಾತು ಕೇಳಿಸಿತು. ಜಗಳವೇ ಇರಬೇಕು ಎಂದುಕೊಂಡೆ. ಇಣುಕಿ ನೋಡಿದರೆ ನಾಲ್ಕು ಜನ, ಎಲ್ಲರೂ ಅರವತ್ತು ದಾಟಿದವರು, ಒಂದು ರೆಕಾರ್ಡ್ ಪ್ಲೇಯರಿನ ಸುತ್ತ ಕೂತಿದ್ದರು. ವಾದ ನಡೆದಿದ್ದುದು ಒಂದೇ ಹಾಡಿನ ಬಗ್ಗೆ: ಅದೇ ತಂಡ ಅದೇ ಹಾಡನ್ನು 1975ರಲ್ಲಿ ಹಾಡಿದ್ದು ಮೇಲೋ, 1976ರಲ್ಲಿ ಹಾಡಿದ್ದು ಮೇಲೋ?

ನನಗೆ ದೇರಾದ ನಮ್ಮ ರೂಮು ನೆನಪಾಯಿತು. ಶುಕ್ರವಾರ ಕೋಳಿಸಾರು ಕುದಿಯುತ್ತಿರುವಾಗ ನಾವು ಆರು ಜನ ಇದೇ ದನಿಯಲ್ಲಿ ಜಗಳಾಡುತ್ತಿದ್ದೆವು. ನಮ್ಮ ಜಗಳ ಉಪ್ಪೂರು ಭಾಗವತರ ಪದ್ಯ ಹೆಚ್ಚೋ, ಅವರ ಶಿಷ್ಯ ಕಾಳಿಂಗ ನಾವಡರ ಪದ್ಯ ಹೆಚ್ಚೋ ಎಂದು. ಪಕ್ಕದ ಮನೆಯವರು ನನ್ನನ್ನು ಕಂಡು ಒಳಗೆ ಕರೆದು ಕುರ್ಚಿ ಕೊಟ್ಟರು. ಅಲ್ಲಿಂದ ಮುಂದೆ ಎರಡು ತಿಂಗಳು, ಪ್ರತಿ ಶನಿವಾರ ನಾನು ಆ ಗ್ಯಾರೇಜಿನ ಐದನೆಯವ.

ಅವರ ಆಟ, ನಮ್ಮ ಆಟ

ಅವರು ಕೇಳುವುದು ಪ್ರೋಗ್ರೆಸಿವ್ ರಾಕ್. ಸುಮಾರು 1969ರಿಂದ 1976ರವರೆಗೆ ಇಂಗ್ಲೆಂಡಿನಲ್ಲಿ ಭರ್ಜರಿಯಾಗಿ ಬೆಳೆದ ಸಂಗೀತ ಇದು. ಮೂರು ನಿಮಿಷದ ಹಾಡು ಸಾಲದು, ಕಥೆ ಬೇಕು, ತಾಳ ನಡುವೆ ಬದಲಾಗಬೇಕು, ವಾದ್ಯದವರಿಗೂ ಹಾಡುವವರಷ್ಟೇ ಜಾಗ ಬೇಕು ಎಂದು ಹೊರಟವರು ಅವರು. ಯೆಸ್ ಎಂಬ ತಂಡದ 1972ರ ‘ಕ್ಲೋಸ್ ಟು ದಿ ಎಡ್ಜ್’ ರೆಕಾರ್ಡಿನ ಒಂದು ಮಗ್ಗುಲು ತುಂಬ ಒಂದೇ ಹಾಡು, ಹದಿನೆಂಟು ನಿಮಿಷಕ್ಕೂ ಮಿಕ್ಕಿ. ಅದೇ ವರ್ಷ ಜೆತ್ರೊ ಟಲ್ ತಂಡದವರು ‘ಥಿಕ್ ಆ್ಯಸ್ ಎ ಬ್ರಿಕ್’ ಎಂದು ಎರಡೂ ಮಗ್ಗುಲಿಗೆ ಸೇರಿ ಒಂದೇ ಹಾಡು ಮಾಡಿದರು. ಅರ್ಧಕ್ಕೆ ಎದ್ದು ತಟ್ಟೆ ಮಗುಚಬೇಕು. ‘ಇಷ್ಟುದ್ದದ ಹಾಡು ನಿಮಗೆ ಬೇಸರ ಬಾರದೇ?’ ಎಂದು ಒಬ್ಬರು ಕೇಳಿದರು. ರಾತ್ರಿ ಒಂಬತ್ತೂವರೆಗೆ ಚೌಕಿಪೂಜೆಯಾಗಿ ಬೆಳಗಿನ ಆರಕ್ಕೆ ಮುಗಿಯುವ ಆಟ ನೋಡಿ ಬೆಳೆದವನು ನಾನು ಎಂದೆ. ಅದನ್ನು ಅವರಿಗೆ ಬಿಡಿಸಿ ಹೇಳುವುದಕ್ಕೆ ಎರಡು ಶನಿವಾರ ಹಿಡಿಯಿತು.

ಈ ಸಂಗೀತ ನಮ್ಮವರಿಗೂ ತೀರಾ ಹೊಸದಲ್ಲ. ಪಿಂಕ್ ಫ್ಲಾಯ್ಡ್ ತಂಡದ ರೋಜರ್ ವಾಟರ್ಸ್ 2002ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಹಾಡಿದರು, 2007ರಲ್ಲಿ ದುಬೈಗೂ ಬಂದಿದ್ದರು. ನಾನು ಆಗ ದುಬೈಯಲ್ಲೇ ಇದ್ದೆ, ಹೋಗಲಿಲ್ಲ. ಟಿಕೆಟಿನ ದುಡ್ಡಿಗೆ ಊರಿನ ಮನೆಗೆ ಹಂಚು ಹೊದೆಸುವ ಲೆಕ್ಕ ಹಾಕುತ್ತಿದ್ದ ಕಾಲ ಅದು.

ಆಕ್ಲೆಂಡಿನವರಿಗೆ ತಮ್ಮದೇ ಆದ ತಂಡಗಳಿವೆ. ಆ ದಿನದ ಜಗಳ ಅಂಥದೇ ಒಂದು ತಂಡದ ಬಗ್ಗೆ. 1972ರಲ್ಲಿ ಆಕ್ಲೆಂಡಿನಲ್ಲಿ ಹುಟ್ಟಿದ ಸ್ಪ್ಲಿಟ್ ಎನ್ಜ್ 1973ರಲ್ಲಿ ಟಿವಿಯ ಪ್ರತಿಭಾ ಸ್ಪರ್ಧೆಯ ಫೈನಲಿನಲ್ಲಿ ಕೊನೆಯಿಂದ ಎರಡನೆಯ ಸ್ಥಾನ ಪಡೆಯಿತಂತೆ. 1975ರಲ್ಲಿ ‘ಮೆಂಟಲ್ ನೋಟ್ಸ್’ ಎಂಬ ಮೊದಲ ಆಲ್ಬಮ್ ತಂದರು. ಅದರ ಧ್ವನಿ ಅವರಿಗೇ ಸಮಾಧಾನ ಕೊಡಲಿಲ್ಲ. ಮರುವರ್ಷ ಲಂಡನ್ನಿಗೆ ಹೋಗಿ, ರಾಕ್ಸಿ ಮ್ಯೂಸಿಕ್ ತಂಡದ ಫಿಲ್ ಮಾಂಜನೇರಾ ಅವರ ನಿರ್ದೇಶನದಲ್ಲಿ, ಅದರ ಕೆಲವು ಹಾಡುಗಳನ್ನು ಹೊಸದಾಗಿ ಹಾಡಿ ‘ಸೆಕೆಂಡ್ ಥಾಟ್ಸ್’ ಎಂಬ ಆಲ್ಬಮ್ ಮಾಡಿದರು. ಲಂಡನ್ನಿನದು ನಯವಾಗಿದೆ, ವಾದ್ಯಗಳೆಲ್ಲ ಬಿಡಿಬಿಡಿಯಾಗಿ ಕೇಳುತ್ತವೆ ಎಂದು ಇಬ್ಬರ ಮತ. ಮೊದಲಿನದರಲ್ಲಿ ಹುಡುಗರ ಹುಚ್ಚು ಇದೆ, ಎರಡನೆಯದರಲ್ಲಿ ಆ ಹುಚ್ಚನ್ನು ತೊಳೆದು ಇಸ್ತ್ರಿ ಮಾಡಿದ್ದಾರೆ ಎಂದು ಇನ್ನಿಬ್ಬರ ವಾದ. ನನ್ನನ್ನೂ ಕೇಳಿದರು. ಎರಡನ್ನೂ ಎರಡೆರಡು ಸಲ ಕೇಳಿ, ಮೊದಲನೆಯದಕ್ಕೆ ಮತ ಹಾಕಿದೆ.

ಡ್ರ್ಯಾಗನ್ ಎಂಬ ಇನ್ನೊಂದು ತಂಡ 1974ರಲ್ಲಿ ‘ಯೂನಿವರ್ಸಲ್ ರೇಡಿಯೊ’, 1975ರಲ್ಲಿ ‘ಸೆಂಟೆಡ್ ಗಾರ್ಡನ್ಸ್ ಫಾರ್ ದಿ ಬ್ಲೈಂಡ್’ ಎಂಬ ಎರಡು ಆಲ್ಬಮ್ ತಂದು, ಆಸ್ಟ್ರೇಲಿಯಾಕ್ಕೆ ಹೋಗಿ, ಎಲ್ಲರಂತೆ ಚಿಕ್ಕ ಚಿಕ್ಕ ಹಾಡು ಹಾಡಿ ಹೆಸರು ಮಾಡಿತು. ಆಕ್ಲೆಂಡಿನಲ್ಲಿ ಹಾಡಿದ್ದ ಹಳೆಯ ತಂಡವೇ ನಿಜವಾದ ಡ್ರ್ಯಾಗನ್ ಎಂದು ಗ್ಯಾರೇಜಿನವರ ಒಮ್ಮತ. ದುಡಿಮೆಗೆಂದು ಊರು ಬಿಟ್ಟವರ ಬಗ್ಗೆ ಊರಿನವರು ಹೀಗೆ ಹೇಳುವುದನ್ನು ನಾವೂ ಕೇಳಿದ್ದೇವಲ್ಲ!

ಕೆಟ್ಟ ಧ್ವನಿಯ ಬೆಲೆ

ಅವರ ಬಳಿ ಇದ್ದ ರೆಕಾರ್ಡುಗಳಿಗಿಂತ ನನ್ನ ಕಣ್ಣಿಗೆ ಬಿದ್ದದ್ದು ಗೋಡೆಯ ಕಪಾಟಿನಲ್ಲಿದ್ದ ಕ್ಯಾಸೆಟ್ಟುಗಳು. ಅಂಗಡಿಯಲ್ಲಿ ಕೊಂಡವಲ್ಲ, ಕಛೇರಿಗಳಲ್ಲಿ ಅಭಿಮಾನಿಗಳೇ ರೆಕಾರ್ಡ್ ಮಾಡಿ ಕೈಯಿಂದ ಕೈಗೆ ದಾಟಿಸಿದವು. ಧ್ವನಿ ಅಷ್ಟಕ್ಕಷ್ಟೆ. ನಡುವೆ ಕೆಮ್ಮು, ಚಪ್ಪಾಳೆ, ಪಕ್ಕದಲ್ಲಿ ಯಾರೋ ಬಿಯರು ಕೇಳಿದ ಮಾತು. ಆದರೂ ಅವನ್ನು ಮುಟ್ಟುವ ಮೊದಲು ಕೈ ಒರೆಸಿಕೊಳ್ಳುತ್ತಾರೆ.

ಏಕೆ ಎಂದು ಕೇಳಿದೆ. ಕಿಂಗ್ ಕ್ರಿಮ್ಸನ್ ಎಂಬ ತಂಡದ ಕಥೆ ಹೇಳಿದರು. 1972ರ ಅವರ ‘ಅರ್ತ್‌ಬೌಂಡ್’ ಆಲ್ಬಮನ್ನು ಕಛೇರಿಗಳಲ್ಲಿ ಬರಿಯ ಕ್ಯಾಸೆಟ್ಟಿಗೇ ರೆಕಾರ್ಡ್ ಮಾಡಿದ್ದು. ಧ್ವನಿ ಎಷ್ಟು ಒರಟು ಎಂದರೆ ಅಮೆರಿಕದ ಕಂಪನಿ ಅದನ್ನು ಹೊರತರಲು ಒಪ್ಪಲಿಲ್ಲ. ಆದರೆ ಆ ವರ್ಷ ಆ ತಂಡ ರಂಗದ ಮೇಲೆ ಹೇಗೆ ನುಡಿಸುತ್ತಿತ್ತು ಎಂದು ತಿಳಿಯಲು ಅದನ್ನೇ ಕೇಳಬೇಕಾಯಿತು. ಆ ತಂಡದ ರಾಬರ್ಟ್ ಫ್ರಿಪ್ ಕದ್ದು ರೆಕಾರ್ಡ್ ಮಾಡುವವರನ್ನು ಕಂಡರೆ ಉರಿದುಬೀಳುತ್ತಿದ್ದರು. ಅವರೇ 1998ರಿಂದ ಹಳೆಯ ಕಛೇರಿಗಳ ರೆಕಾರ್ಡಿಂಗುಗಳನ್ನು ಅಭಿಮಾನಿಗಳಿಗಾಗಿ ಒಂದೊಂದಾಗಿ ಹೊರತರುತ್ತ ಬಂದರು.

‘ಸ್ಟುಡಿಯೋದಲ್ಲಿ ತಪ್ಪಿದರೆ ತಿದ್ದಬಹುದು. ಆ ರಾತ್ರಿ ಏನು ನಡೆಯಿತೋ ಅದು ಮತ್ತೆ ನಡೆಯುವುದಿಲ್ಲ’ ಎಂದರು ಪಕ್ಕದ ಮನೆಯವರು. ಯಕ್ಷಗಾನಕ್ಕೆ ಈ ಮಾತು ಹತ್ತು ಪಟ್ಟು ಒಪ್ಪುತ್ತದೆ. ನಮ್ಮಲ್ಲಿ ಪದ್ಯ ಮಾತ್ರ ಬರೆದಿಟ್ಟದ್ದು, ಅರ್ಥ ಆ ಕ್ಷಣದ್ದು. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ ಒಂದು ರಾತ್ರಿ ಆಡಿದ ಮಾತು ಮರುರಾತ್ರಿ ಇಲ್ಲ. ಅಂಗಡಿಯ ಕ್ಯಾಸೆಟ್ಟು ಒಂದು ಗಂಟೆಯದು. ಅದಕ್ಕೆ ಹೊಂದುವಂತೆ ಪ್ರಸಂಗವನ್ನು ಕತ್ತರಿಸಿಯೇ ಹಾಡಬೇಕಿತ್ತು. ಇಡೀ ರಾತ್ರಿಯ ಆಟ ಉಳಿದಿದ್ದರೆ ಅದು ಯಾರೋ ಅಭಿಮಾನಿಯ ಟೇಪಿನಲ್ಲಿ.

ಆ ಟೇಪು ಎಲ್ಲಿಂದ ಬಂತು? ಇಲ್ಲೇ ನಮ್ಮ ಪಾಲು ಇರುವುದು. 1980ರ ದಶಕದಲ್ಲಿ ನಮ್ಮ ಕಡೆಯ ಹಳ್ಳಿಗಳಲ್ಲಿ ಟೂ-ಇನ್-ವನ್ ಇದ್ದ ಮನೆ ಎಂದರೆ ಹೆಚ್ಚಾಗಿ ಗಲ್ಫಿನಲ್ಲಿ ಜನ ಇದ್ದ ಮನೆ. ನಾಸರ್ ಸ್ಕ್ವೇರಿನಲ್ಲಿ ಚೌಕಾಸಿ ಮಾಡಿ ಕೊಂಡು, ಕಂಬಳಿಯಲ್ಲಿ ಸುತ್ತಿ, ಹಗ್ಗ ಬಿಗಿದು, ಮೇಲೆ ದೊಡ್ಡ ಅಕ್ಷರದಲ್ಲಿ ಹೆಸರು ಬರೆದು ಒಯ್ದ ಆ ಪೆಟ್ಟಿಗೆಗಳನ್ನು ನೆನೆಸಿಕೊಳ್ಳಿ. ಜೊತೆಗೆ ಡಜನ್ ಖಾಲಿ ಕ್ಯಾಸೆಟ್ಟು. ಡೇರೆ ಮೇಳ ಊರಿಗೆ ಬಂದಾಗ ತಮ್ಮಂದಿರು ಅದೇ ಪೆಟ್ಟಿಗೆಯನ್ನು ರಂಗಸ್ಥಳದ ಬದಿಗೆ ಒಯ್ದು ಇಟ್ಟರು. ಇವತ್ತು ಅಭಿಮಾನಿಗಳು ಹುಡುಕಾಡುವ ಅಪರೂಪದ ರೆಕಾರ್ಡಿಂಗುಗಳಲ್ಲಿ ಎಷ್ಟೋ ನಮ್ಮ ಬೆವರಿನ ದುಡ್ಡಿನವು. ಹಾಡಿದವರು ನಾವಲ್ಲ, ನಿಜ. ಉಳಿಸಿದವರಲ್ಲಿ ನಾವೂ ಇದ್ದೇವೆ.

ನನ್ನ ಒಂದು ಕ್ಯಾಸೆಟ್ಟು

ನಿಮ್ಮ ಹತ್ತಿರ ಏನಿದೆ ಎಂದು ಗ್ಯಾರೇಜಿನವರು ಕೇಳಿದಾಗ, ಮಗಳ ಮನೆಯ ಸೂಟ್‌ಕೇಸಿನಲ್ಲಿ ಉಳಿದಿದ್ದ ಒಂದೇ ಒಂದು ಸಿ-90 ಕ್ಯಾಸೆಟ್ಟು ಒಯ್ದೆ. ಅದರ ಮೇಲೆ ಒಂದಕ್ಷರ ಬರೆದಿರಲಿಲ್ಲ.

ಕಾಳಿಂಗ ನಾವಡರು ನಮ್ಮ ಗುಂಡ್ಮಿಯವರು, 1958ರಲ್ಲಿ ಹುಟ್ಟಿದವರು. ಸಾಲಿಗ್ರಾಮ ಮೇಳದಲ್ಲಿ ಅವರು ಹಾಡುತ್ತಿದ್ದ ಕಾಲಕ್ಕೆ ಭಾಗವತರನ್ನು ನೋಡಲೆಂದೇ ಟಿಕೆಟು ತೆಗೆಯುವವರಿದ್ದರು. 1990ರ ಮೇ ತಿಂಗಳಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಆ ಸುದ್ದಿ ದೇರಾದ ರೂಮಿಗೆ ಬಂದ ದಿನ ನಾವು ಒಲೆ ಹಚ್ಚಲಿಲ್ಲ. ಅದರ ಹಿಂದಿನ ವರ್ಷ ನನ್ನ ತಮ್ಮ ಅವರ ಒಂದು ಆಟವನ್ನು ನಾಲ್ಕು ಕ್ಯಾಸೆಟ್ಟಿನಲ್ಲಿ ರೆಕಾರ್ಡ್ ಮಾಡಿ ಇಟ್ಟಿದ್ದ. ಕಳಿಸು ಎಂದು ಬರೆದೆ. ಊರಿನಿಂದ ಬರುವವರೊಬ್ಬರ ಕೈಯಲ್ಲಿ ಒಂದು ಕ್ಯಾಸೆಟ್ಟು ಬಂತು. ಹಾಕಿದರೆ ಅಮ್ಮನ ದನಿ.

ಅಮ್ಮನಿಗೆ ಬರೆಯಲು ಬರುತ್ತಿರಲಿಲ್ಲ. ಮಾತಾಡಿ ಕಳಿಸುವ ಕ್ಯಾಸೆಟ್ಟೇ ಅವಳ ಕಾಗದ. ಆ ದಿನ ಮನೆಯಲ್ಲಿ ಖಾಲಿ ಕ್ಯಾಸೆಟ್ಟು ಇರಲಿಲ್ಲ. ತಮ್ಮ ಕೈಗೆ ಸಿಕ್ಕಿದ್ದನ್ನು ಹಾಕಿ ಕೆಂಪು ಗುಂಡಿ ಒತ್ತಿದ್ದ. ಮೊದಲ ಮಗ್ಗುಲು ಪೂರ್ತಿ, ಎರಡನೆಯದರಲ್ಲಿ ಅರ್ಧಕ್ಕೂ ಹೆಚ್ಚು ಅಮ್ಮನ ಮಾತು. ಗಬ್ಬದ ದನ, ತೆಂಗಿನ ಕಾಯಿಯ ರೇಟು, ಅಕ್ಕನಿಗೆ ಬಂದ ಸಂಬಂಧ. ‘ಹೊತ್ತಿಗ್ ಸಮಾ ಉಣ್ಕ್ ಮಗಾ’ ಎಂದಲ್ಲಿಗೆ ಟಕ್ ಎಂಬ ಸದ್ದು. ಅದರ ಬೆನ್ನಿಗೇ ಏರುಪದ, ಚೆಂಡೆ, ಪದ್ಯದ ನಡುವಿನಿಂದ. ಉಳಿದದ್ದು ಹದಿನೇಳು ನಿಮಿಷ. ಬೇರೆ ಮೂರು ಕ್ಯಾಸೆಟ್ಟು ಏನಾದವೋ ಯಾರಿಗೂ ನೆನಪಿಲ್ಲ. ನಾನು ತಮ್ಮನೊಂದಿಗೆ ಆರು ತಿಂಗಳು ಸರಿಯಾಗಿ ಮಾತಾಡಲಿಲ್ಲ.

ಪಕ್ಕದ ಮನೆಯವರು ಆ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಿಕೊಟ್ಟರು. ಯಕ್ಷಗಾನದ ಭಾಗ ಮಾತ್ರ ಸಾಕು ಎಂದೆ. ‘ಮೊದಲು ಮಾತಾಡುವವರು ಯಾರು?’ ಎಂದು ಕೇಳಿದರು. ಹೇಳಿದೆ. ಅವರು ಏನನ್ನೂ ಕತ್ತರಿಸಲಿಲ್ಲ. ಅಮ್ಮ ತೀರಿಕೊಂಡು ಇಪ್ಪತ್ತು ವರ್ಷವಾಯಿತು. ಅವಳ ದನಿ ಇರುವುದು ಅದೊಂದರಲ್ಲೇ. ಉಳಿದ ಅಂಥ ಕ್ಯಾಸೆಟ್ಟುಗಳ ಮೇಲೆ ನಾನೇ ಸಿನಿಮಾ ಹಾಡು ತುಂಬಿಸಿದ್ದೆ. ತಮ್ಮನಿಗೆ ಆ ರಾತ್ರಿಯೇ ಫೋನ್ ಮಾಡಿದೆ.

ಹದಿನೇಳು ನಿಮಿಷವನ್ನು ದೇರಾದ ಹಳೆಯ ಗೆಳೆಯರಿಗೆ ವಾಟ್ಸ್‌ಆ್ಯಪಿನಲ್ಲಿ ಕಳಿಸಿದೆ. ಎರಡು ರಾತ್ರಿ ಜಗಳವೋ ಜಗಳ. ಇಬ್ಬರು ನಾವಡರೇ ಎಂದರು. ಮಸ್ಕತಿನಲ್ಲಿರುವ ಗೆಳೆಯ ಮಾತ್ರ ‘ಅದು ನಾವಡ್ರಲ್ಲ ಮಾರಾಯ, ಅವರ ಹಾಗೆ ಹಾಡುವವರು ಆಗ ಊರಿಗೆ ನಾಲ್ಕು ಜನ ಇದ್ದರು’ ಎಂದ. ಕೊನೆಗೆ ಮೈಕಿನಲ್ಲಿ ‘ಸಾಲಿಗ್ರಾಮ ಮೇಳ’ ಎಂದದ್ದು ಕೇಳುತ್ತದೆ ಎಂದು ತೋರಿಸಿಕೊಟ್ಟರೂ ಅವನು ಇವತ್ತಿಗೂ ಒಪ್ಪಿಲ್ಲ. ತಮ್ಮನಿಗೆ ಕೋಟದ ಗದ್ದೆ ಎಂದಷ್ಟೇ ನೆನಪು, ಪ್ರಸಂಗದ ಹೆಸರು ಮರೆತಿದೆ. ಅವತ್ತೇ ಒಂದು ಚೀಟಿಯಲ್ಲಿ ಎರಡು ಸಾಲು ಬರೆದು ಒಳಗಿಟ್ಟಿದ್ದರೆ ಈ ಜಗಳವೇ ಇಲ್ಲ.

ನೀವು ಮಾಡಬಹುದಾದ್ದು

ಮುಂದಿನ ರಜೆಯಲ್ಲಿ ಊರಿಗೆ ಹೋದಾಗ ಅಟ್ಟ, ಬೀರು, ಮಂಚದಡಿ ನೋಡಿ. ಕ್ಯಾಸೆಟ್ಟು ಸಿಕ್ಕರೆ ಮೊದಲು ಅದರ ಮೇಲಂಚಿನ ಎರಡು ಪುಟ್ಟ ಪ್ಲಾಸ್ಟಿಕ್ ತುಂಡುಗಳನ್ನು ಮುರಿಯಿರಿ. ಆಮೇಲೆ ತಪ್ಪಿಯೂ ಅದರ ಮೇಲೆ ರೆಕಾರ್ಡ್ ಆಗುವುದಿಲ್ಲ. ನಮ್ಮ ಮನೆಯಲ್ಲಿ ಯಾರಿಗೂ ಇದು ಗೊತ್ತಿರಲಿಲ್ಲ.

ಸಿಕ್ಕಿದ ಕೂಡಲೇ ಪ್ಲೇ ಒತ್ತಬೇಡಿ. ಟೇಪಿಗೆ ಹತ್ತುವ ಒತ್ತುಬಟ್ಟೆ ಬಿದ್ದುಹೋಗಿದೆಯೇ, ಬೂಸ್ಟು ಹಿಡಿದಿದೆಯೇ ನೋಡಿ. ಪ್ಲೇಯರಿನ ಹೆಡ್ಡನ್ನು ಹತ್ತಿಕಡ್ಡಿಯಿಂದ ಒರೆಸಿ. ಕ್ಯಾಸೆಟ್ಟನ್ನು ಒಮ್ಮೆ ಕೊನೆಯವರೆಗೆ ಓಡಿಸಿ, ಹಿಂದಕ್ಕೆ ಸುತ್ತಿ, ಆಮೇಲೆ ಹಾಕಿ. ಸಿ-120 ಆಗಿದ್ದರೆ ಟೇಪು ತುಂಬ ತೆಳು, ಸಿಕ್ಕಿಕೊಂಡೀತು, ಜೋಪಾನ. ಸ್ಪೀಕರಿನ ಮುಂದೆ ಮೊಬೈಲ್ ಹಿಡಿದು ರೆಕಾರ್ಡ್ ಮಾಡುವ ಬದಲು ತಂತಿ ಜೋಡಿಸಿ ಕಂಪ್ಯೂಟರಿಗೆ ಇಳಿಸಿ. ಮೂಲ ಪ್ರತಿ ವೇವ್ ಫೈಲಿನಲ್ಲಿರಲಿ, ಹಂಚುವುದಕ್ಕೆ ಎಂಪಿ3 ಸಾಕು. ಎರಡು ಕಡೆ ಇಡಿ. ಇಳಿಸಿಯಾಯಿತು ಎಂದು ಕ್ಯಾಸೆಟ್ಟು ಎಸೆಯಬೇಡಿ.

ಮೇಳ, ಊರು, ತಾರೀಕು, ಪ್ರಸಂಗ, ಭಾಗವತರು, ಚೆಂಡೆ-ಮದ್ದಳೆಯವರು, ರೆಕಾರ್ಡ್ ಮಾಡಿದವರು, ಇಷ್ಟನ್ನು ಬರೆಯಿರಿ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎಂದೇ ಬರೆಯಿರಿ. ಊಹೆಯಾದರೆ ಪ್ರಶ್ನಾರ್ಥಕ ಚಿಹ್ನೆ ಹಾಕಿ. ನೆನಪಿರುವ ಹಿರಿಯರನ್ನು ಈಗಲೇ ಕೇಳಿ. ಮಾರಾಟಕ್ಕೆ ಮಾತ್ರ ಇಳಿಯಬೇಡಿ. ಕಲಾವಿದರನ್ನೋ ಅವರ ಮನೆಯವರನ್ನೋ ಒಂದು ಮಾತು ಕೇಳಿ ಹಂಚುವುದು ಮರ್ಯಾದೆ.

ಮುಂದಿನ ಕುಟುಂಬ ಸಮ್ಮಿಲನದಲ್ಲಿ ಊಟದ ನಂತರ ಅರ್ಧ ಗಂಟೆ ಇದಕ್ಕೆ ಕೊಡಿ ಎಂದು ಸಂಘದವರಲ್ಲಿ ನನ್ನ ವಿನಂತಿ. ಒಬ್ಬೊಬ್ಬರು ಒಂದೊಂದು ಕ್ಯಾಸೆಟ್ಟಿನ ಐದು ನಿಮಿಷ ಕೇಳಿಸಲಿ. ತೆಂಕೋ ಬಡಗೋ, ಯಾರು ಹೆಚ್ಚು ಯಾರು ಕಡಿಮೆ, ಜಗಳ ತಾನಾಗಿ ಹುಟ್ಟುತ್ತದೆ. ಹುಟ್ಟಲಿ. ನನ್ನ ಹದಿನೇಳು ನಿಮಿಷ ನಾನು ಕಳಿಸಿಕೊಡುತ್ತೇನೆ. ಆ ಪದ್ಯ ಯಾವ ಪ್ರಸಂಗದ್ದು ಎಂದು ಗೊತ್ತಾದವರು ದಯವಿಟ್ಟು ತಿಳಿಸಿ. ಮಸ್ಕತಿನ ಗೆಳೆಯನಿಗೂ ಒಂದು ಮಾತು ಹೇಳಿಬಿಡಿ.